ಕಣ್ಣಿಗೊತ್ತಿಕೊಂಡ ಕಿಲೋ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಓದುವವರು ನಡುನಡುವೆ ಮೂಗು ಮುರಿಯುವ ಶ್ರಮ ತಪ್ಪುತ್ತದೆ. ಸಮುದ್ರದ ನಟ್ಟನಡುವಿನ ಒಂದು ಪುಟ್ಟ ದೇಶಕ್ಕೆ, ಸರಿಯಾದ ತೂಕ ಅಂದರೆ ಏನು ಎಂದು ಕಲಿಸಿಕೊಡಲು ಹೋದವನು ನಾನು. ಆ ಇಡೀ ದೇಶದಲ್ಲಿ ಕಣ್ಣುಮುಚ್ಚಿ ನಂಬಬಹುದಾದ ಕಿಲೋ ಇದ್ದದ್ದು ಒಂದೇ ಒಂದು. ಅದನ್ನು ಕೆಡಿಸಿ ಬಂದವನೂ ನಾನೇ. ಕೆಡಿಸಿದ್ದು ಬೇಕೆಂದಲ್ಲ, ನಾಲ್ಕು ಜನ ನಗಲಿ ಎಂದು. ಕೆಡಿಸಿದ ಮೇಲೆ ಬಾಯಿ ಮುಚ್ಚಿಕೊಂಡು ಕೂತದ್ದು ಮಾತ್ರ ಬೇಕೆಂದೇ.

ದೇಶದ ಹೆಸರು ಹೇಳುವುದಿಲ್ಲ. ಭೂಪಟದಲ್ಲಿ ಹುಡುಕಿದರೆ ನೊಣ ಕೂತು ಎದ್ದುಹೋದ ಗುರುತಿನ ಹಾಗೆ ಕಾಣುತ್ತದೆ. ಅಷ್ಟು ಸಣ್ಣ ಊರಿಗೆ ನನ್ನಿಂದ ಆದ ಅವಮಾನ ಇಷ್ಟೇ ಸಾಕು.

ನನ್ನ ಹೆಸರು ಮುನಿರಾಜು, ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯವನು. ಅಪ್ಪ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ತೂಕ ಹಾಕುವವನು. ನಾನು ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಕ್ಯಾಲಿಬ್ರೇಶನ್ ಲ್ಯಾಬಿನಲ್ಲಿದ್ದೆ. ಕಾರ್ಖಾನೆಗಳ ತಕ್ಕಡಿ, ಗೇಜು, ಥರ್ಮಾಮೀಟರುಗಳು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ಪರೀಕ್ಷೆ ಮಾಡಿ ಚೀಟಿ ಅಂಟಿಸುವ ಕೆಲಸ. ಯಂತ್ರದ ಸುಳ್ಳು ಹಿಡಿಯಲು ಸಂಬಳ, ಮನುಷ್ಯರ ದನಿ ಹಿಡಿದು ಅಣಕಿಸುವುದು ಪುಕ್ಕಟೆ. ಮುಳಬಾಗಿಲು ಬಸ್ಸಿನ ಕಂಡಕ್ಟರು, ಮಂಡಿಯಲ್ಲಿ ಹರಾಜು ಕೂಗುವವನು, ಕಂಪನಿ ಬಸ್ಸಿಗೆ ಓಡುತ್ತಾ ಫೋನಿನಲ್ಲಿ ಗಂಡನಿಗೆ ಬೈಯುವ ಶಿಫ್ಟಿನ ಅಕ್ಕ, ಯಾರ ದನಿಯನ್ನೂ ನಾನು ಬಿಟ್ಟವನಲ್ಲ. ಎರಡು ಸಲ ಅದಕ್ಕೇ ಹೊಡೆತವನ್ನೂ ತಿಂದಿದ್ದೇನೆ.

ಲ್ಯಾಬಿನ ಹಿರಿಯರು ವೆಂಕಟೇಶಯ್ಯ ಸಾರ್, ಮಾಲೂರಿನವರು. ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ನಮ್ಮಲ್ಲಿಗೆ ಬಂದಿದ್ದರು. ಆ ದ್ವೀಪದವರಿಗೆ ತೂಕದ ಲ್ಯಾಬು ಕಟ್ಟಿಕೊಡುವ ಒಂದು ಯೋಜನೆಯಲ್ಲಿ ನಮಗೆ ತರಬೇತಿಯ ಪಾಲು ಸಿಕ್ಕಿತ್ತು. ಸಾರ್ ಜೊತೆಗೆ ಯಾರು ಹೋಗಬೇಕು ಎಂಬ ಮಾತು ಬಂದಾಗ ಅವರು ಕನ್ನಡಕ ಒರೆಸಿಕೊಳ್ಳುತ್ತಾ ಹೇಳಿದ್ದು ಇಷ್ಟು: "ಮುನಿರಾಜುನ ಕರ್ಕೊಂಡು ಹೋಗ್ತೀನಿ. ಅವನಿಗೆ ಹೆಂಡ್ತಿ ಇಲ್ಲ, ಮಕ್ಳಿಲ್ಲ, ಇಲ್ಲಿದ್ರೆ ಕೆಲ್ಸನೂ ಇಲ್ಲ."

ಈಗ ನಿಜಕ್ಕೂ ಕೆಲಸವಿಲ್ಲ. ಇದನ್ನೆಲ್ಲ ಬರೆಯಲು ಪುರುಸೊತ್ತು ಸಿಕ್ಕಿದ್ದು ಹಾಗೆ.

ದೇವನಹಳ್ಳಿಯಲ್ಲಿ ಮೊದಲ ತಕ್ಕಡಿ

ವಿಮಾನ ನಿಲ್ದಾಣದಲ್ಲಿ ಸಾರ್ ಪೆಟ್ಟಿಗೆ ಮಿತಿ ಮೀರಿತು. ಅದರೊಳಗೆ ಶಿವಾರಪಟ್ಟಣದಲ್ಲಿ ಹೇಳಿ ಮಾಡಿಸಿದ ಗೇಣೆತ್ತರದ ಕಲ್ಲಿನ ಗಣಪತಿ ಇತ್ತು, ದ್ವೀಪದ ಲ್ಯಾಬಿಗೆ ಉಡುಗೊರೆ. ಕೌಂಟರಿನ ಹುಡುಗಿ ಅಂಕಿ ತೋರಿಸಿ ತುಟಿ ಬಿಗಿದಳು. ನಾನು ಸುಮ್ಮನಿರಬೇಕಿತ್ತು. ಬಗ್ಗಿ, ತಕ್ಕಡಿಯ ಬೆಲ್ಟಿನ ಕೆಳಗೆ ಕತ್ತು ತೂರಿಸಿ, ಮುದ್ರೆ ಹಾಕಿದ ಚೀಟಿ ಎಲ್ಲಿದೆ ಎಂದು ಹುಡುಕತೊಡಗಿದೆ.

"ಸರ್, ಏನು ಮಾಡ್ತಿದೀರಾ?"

"ಮೇಡಂ, ನಿಮ್ ತಕ್ಕಡೀನ ಕೊನೇ ಸಲ ಯಾರು ಚೆಕ್ ಮಾಡಿದ್ದು?"

ಸಾಲಿನಲ್ಲಿದ್ದವರು ನಕ್ಕರು. ನನಗೆ ಅಷ್ಟು ಸಾಕಿತ್ತು. ಸಾರ್ ನನ್ನ ಅಂಗಿ ಹಿಡಿದು ಎತ್ತಿದರು. "ಲೇ, ಎದ್ದೇಳೋ. ಮಾನ ಹರಾಜಾಕ್ಬೇಡ." ಕೊನೆಗೆ ಗಣಪತಿ ನನ್ನ ಕೈಚೀಲಕ್ಕೆ ಬಂದ, ನನ್ನ ಬಟ್ಟೆಗಳು ಸಾರ್ ಪೆಟ್ಟಿಗೆಗೆ ಹೋದವು. ಎರಡು ವಿಮಾನ ಬದಲಿಸಿ ಹೋಗುವಷ್ಟರಲ್ಲಿ ಆ ಏಕದಂತ ನನ್ನ ಭುಜವನ್ನು ಅರ್ಧ ಅಂಗುಲ ಇಳಿಸಿದ್ದ.

ದ್ವೀಪಕ್ಕೆ ಕಾಲಿಟ್ಟದ್ದು

ನಿಲ್ದಾಣವೆಂದರೆ ನಮ್ಮ ತಾಲ್ಲೂಕಿನ ರೇಷ್ಮೆ ಮಾರುಕಟ್ಟೆಗಿಂತ ಚಿಕ್ಕದು. ಹೊರಗಿನ ಮಣ್ಣು ಒಳಗೆ ಬರಬಾರದೆಂಬ ಕಟ್ಟುನಿಟ್ಟು. ಗಣಪತಿಯ ಸೊಂಡಿಲಿನ ಸಂದಿಯಲ್ಲಿ ಏನೋ ಧೂಳು ಕಂಡಿತೆಂದು ಒಬ್ಬ ಅಧಿಕಾರಿ ಅವನನ್ನು ತೊಟ್ಟಿಗೆ ಒಯ್ದು, ನಲ್ಲಿ ಬಿಟ್ಟು, ಬ್ರಷ್ ಹಾಕಿ ತಿಕ್ಕಿದ. ಸಾರ್ ಚಪ್ಪಲಿ ಬಿಟ್ಟು ಕೈಮುಗಿದು ನಿಂತುಬಿಟ್ಟರು. ಅಧಿಕಾರಿಗೆ ಗಾಬರಿಯಾಯಿತು. ಅಪ್ಪ ಕಟ್ಟಿಸಿಕೊಟ್ಟಿದ್ದ ಮಾವಿನ ಉಪ್ಪಿನಕಾಯಿ ಮಾತ್ರ ಅಭಿಷೇಕವಿಲ್ಲದೆ ಕಸದ ಡಬ್ಬಿಗೆ ಹೋಯಿತು.

ಹೊರಗೆ ನಮಗಾಗಿ ಕಾದಿದ್ದವರು ತೇವಿ. ಐವತ್ತೈದರ ಆಸುಪಾಸು, ಬಾಗಿಲು ತುಂಬುವ ಆಳು. ಕೊರಳಲ್ಲಿ ದಾರ, ದಾರದಲ್ಲಿ ಒಂದೇ ಒಂದು ಬೀಗದಕೈ. ಆ ದೇಶದ ತೂಕದ ಲ್ಯಾಬು ಅಂದರೆ ಹೆಚ್ಚು ಕಡಿಮೆ ಅವರೇ. ಜೊತೆಗೆ ಕೆಲಸ ಕಲಿಯುತ್ತಿದ್ದ ಇಬ್ಬರು ಹುಡುಗಿಯರು, ಅಷ್ಟೇ ಸಿಬ್ಬಂದಿ.

ಮಾತೆಲ್ಲ ಇಂಗ್ಲಿಷಿನಲ್ಲಿ. ಅವರದೂ ಕಲಿತ ಇಂಗ್ಲಿಷು, ನನ್ನದೂ ಕಲಿತ ಇಂಗ್ಲಿಷು, ನಡುವೆ ಅಂಥ ಜಗಳವೇನೂ ಬರಲಿಲ್ಲ. ಇಲ್ಲಿ ಅದನ್ನು ನಮ್ಮ ಮಾತಿಗೆ ಇಳಿಸಿಕೊಂಡಿದ್ದೇನೆ. ವಯಸ್ಸಿನಲ್ಲಿ ದೊಡ್ಡವರನ್ನು ಬರೀ ಹೆಸರು ಹಿಡಿದು ಕರೆಯಲು ನಾಲಿಗೆ ಬರದೆ ನಾನು "ಅಣ್ಣಾ" ಎಂದುಬಿಟ್ಟೆ. ಅರ್ಥ ಕೇಳಿದರು, ಹೇಳಿದೆ.

"ಹಂಗಾದ್ರೆ ನಾನು ನಿನ್ನ ಏನಂತ ಕರೀಬೇಕು?"

"ತಮ್ಮ ಅನ್ನಿ."

"ತಮ್ಮ," ಎಂದರು, ಬಾಯಲ್ಲಿ ಹಾಕಿಕೊಂಡು ರುಚಿ ನೋಡುವವರ ಹಾಗೆ. ಅಲ್ಲಿಂದ ಶುರುವಾಯಿತು.

ಅಲ್ಲಿನವರಲ್ಲಿ ಒಂದು ಅಭ್ಯಾಸವಿದೆ. "ಹೌದು" ಎನ್ನಲು ಬಾಯಿ ಬಿಡುವುದಿಲ್ಲ, ಹುಬ್ಬು ಎತ್ತಿ ಇಳಿಸುತ್ತಾರೆ. ಇದು ಗೊತ್ತಿಲ್ಲದೆ ಮೊದಲ ದಿನ ನಾನು ಕಾರಿನಲ್ಲಿ ತೇವಿಯವರನ್ನು "ಊಟಕ್ಕೆ ಅನ್ನ ಸಿಗತ್ತಾ?" ಎಂದು ಆರು ಸಲ ಕೇಳಿದೆ. ಅವರು ಆರು ಸಲವೂ ಹುಬ್ಬಿನಲ್ಲಿ "ಸಿಗತ್ತೆ" ಎಂದರು. ಏಳನೇ ಸಲ ಕಾರು ನಿಲ್ಲಿಸಿ, ಅಂಗಡಿಯಿಂದ ಎರಡು ಕೆಜಿ ಅಕ್ಕಿ ತಂದು ನನ್ನ ತೊಡೆಯ ಮೇಲಿಟ್ಟರು. ನಾವು ತಲೆ ಅಲ್ಲಾಡಿಸಿದರೆ ಹೌದೋ ಅಲ್ಲವೋ ಎಂದು ಜಗತ್ತೇ ತಲೆ ಕೆರೆದುಕೊಳ್ಳುತ್ತದಂತೆ. ನಮ್ಮನ್ನೂ ಮೀರಿಸುವವರು ಸಿಕ್ಕಿದ್ದರು.

ಬಂದರು

ಆ ದೇಶದಲ್ಲಿ ಬೆಳೆಯುವುದು ತೆಂಗು, ಹಿಡಿಯುವುದು ಮೀನು. ಮೀನೆಂದರೆ ನಮ್ಮ ಕೆರೆಯ ಮೀನಲ್ಲ, ಎಮ್ಮೆ ಕರುವಿನಷ್ಟಿರುವ ಟ್ಯೂನಾ. ಸಣ್ಣ ದೋಣಿಯವರು ಅದನ್ನು ತಂದು ಬಂದರಿನಲ್ಲಿ ಹೊರದೇಶದ ಕೊಳ್ಳುವ ಕಂಪನಿಯೊಂದಕ್ಕೆ ಕೊಡುತ್ತಾರೆ. ತಕ್ಕಡಿ ಕಂಪನಿಯದು. ಮೀನು ಇಡುವವನೂ ಕಂಪನಿಯವನು, ಅಂಕಿ ಓದುವವನೂ ಅವನೇ. ಓದಿದ ಮೇಲೆ ಮಂಜುಗಡ್ಡೆಗೆಂದು, ನೀರಿಗೆಂದು ಒಂದಿಷ್ಟು ಕಳೆಯುತ್ತಾನೆ.

ನಾನು ಅಲ್ಲಿ ನಿಂತು ಮೀನನ್ನಲ್ಲ, ದೋಣಿಯವರ ಮುಖ ನೋಡಿದೆ. ಒಬ್ಬ ಹೆಂಗಸು ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು, ಆ ಕೆಂಪು ಅಂಕಿಗಳು ಓಡಿ ಓಡಿ ನಿಲ್ಲುವುದನ್ನು ಉಸಿರು ಹಿಡಿದು ನೋಡುತ್ತಿದ್ದಳು. ಆ ಮುಖ ನನಗೆ ಗೊತ್ತಿತ್ತು. ನಮ್ಮ ಮಂಡಿಯಲ್ಲಿ ಬಾದಾಮಿ, ತೋತಾಪುರಿ ಮಾವು ಇಳಿಸಿದವರದ್ದೂ ಅದೇ ಮುಖ. ಅಲ್ಲೂ ಹಾಗೆಯೇ ಇಷ್ಟು ಕೆಜಿ 'ಸೂಟು' ಎಂದು ಕಳೆಯುತ್ತಾರೆ. ಯಾಕೆಂದು ಕೇಳಿದರೆ, ಮೊದಲಿಂದ ಹಂಗೇ ಎನ್ನುತ್ತಾರೆ. ಅದನ್ನು ಕೂಗಿ ಹೇಳುವ ಅಪ್ಪನ ಪಕ್ಕದಲ್ಲಿ ಮಾವಿನ ಬುಟ್ಟಿಯ ಮೇಲೆ ಕೂತೇ ನಾನು ದೊಡ್ಡವನಾದದ್ದು. ಅಪ್ಪನ ಕಾಲಿನ ಹೆಬ್ಬೆರಳು ಕೆಲವು ಸಲ ತಕ್ಕಡಿಯ ಮೇಲೆ ಇರುತ್ತಿದ್ದುದೂ ನನಗೆ ಗೊತ್ತು. ಮಗನಾದವನು ಬರೆಯಬಾರದ ಮಾತು. ಬರೆದಾಯಿತು.

"ಈ ತಕ್ಕಡಿ ನೀವು ಚೆಕ್ ಮಾಡಲ್ವಾ?" ಎಂದು ತೇವಿಯವರನ್ನು ಕೇಳಿದೆ.

"ಮಾಡಕ್ಕೆ ಹೋಗಿದ್ದೆ. ಕಂಪನಿಯವನು ಒಂದು ಪ್ರಶ್ನೆ ಕೇಳ್ದ. 'ನನ್ನ ತಕ್ಕಡೀನ ನಿನ್ನ ತೂಕದ ಬಟ್ಟಿಂದ ಅಳೀತೀಯ. ನಿನ್ನ ಬಟ್ಟನ್ನ ಅಳ್ದೋರು ಯಾರು?'"

ಸಂಕಟವಿದ್ದದ್ದು ಅಲ್ಲಿ. ಸೋಮವಾರ ಲ್ಯಾಬಿಗೆ ಒಬ್ಬ ಪರೀಕ್ಷಕರು ಬರುವವರಿದ್ದರು, ದೊಡ್ಡ ದೇಶದವರು. ಲ್ಯಾಬು ಸರಿಯಿದೆ, ಉಳಿದೆಲ್ಲ ಬಟ್ಟುಗಳನ್ನು ಹೋಲಿಸಿ ನೋಡುವ ಅದರ ಮೂಲ ಬಟ್ಟುಗಳು ಸರಿಯಿವೆ ಎಂದು ಅವರು ಬರೆದುಕೊಟ್ಟರೆ ಆ ಮುದ್ರೆಯನ್ನು ಜಗತ್ತು ಒಪ್ಪುತ್ತದೆ. ಆಮೇಲೆ ತೇವಿ ತಮ್ಮ ಬಟ್ಟುಗಳ ಪೆಟ್ಟಿಗೆ ಹಿಡಿದು ಬಂದರಿಗೆ ಹೋದರೆ ಕಂಪನಿಯವನು ಪಕ್ಕಕ್ಕೆ ಸರಿಯಲೇಬೇಕು. ಬರೆದುಕೊಡದಿದ್ದರೆ ದೋಣಿಯವರು ಆ ಕೆಂಪು ಅಂಕಿಯನ್ನೇ ನಂಬಿಕೊಂಡು ಕೂರಬೇಕು.

ಹಿಂದಿರುಗುವಾಗ ದಾರಿಯ ಅಂಗಡಿಗಳಲ್ಲಿ ತೇವಿ ತಕ್ಕಡಿ ಪರೀಕ್ಷೆ ಮಾಡುವುದನ್ನು ನೋಡಿದೆ. ದಿನಬಳಕೆಯ ಕೆಲಸದ ಬಟ್ಟು ಇಡುವುದು, ಕಾಯುವುದು, ಓದುವುದು. ಆಮೇಲೆ ತೀರ್ಪು. ಪ್ರತಿ ಸಲವೂ ಅದೇ ಧಾಟಿ, ಒಂದು ಪದ ಹೆಚ್ಚಿಲ್ಲ:

"ದೋಷ, ಇಪ್ಪತ್ತು ಗ್ರಾಂ. ಕಡಿಮೆ."

"ದೋಷ, ಸೊನ್ನೆ."

ಅಂಗಡಿಯವರು ವಾದಿಸುತ್ತಿರಲಿಲ್ಲ. ಅದಕ್ಕಿಂತ ಆಶ್ಚರ್ಯವೆಂದರೆ, ತೇವಿಯೂ ಬೈಯುತ್ತಿರಲಿಲ್ಲ. ದಾರಿಯುದ್ದಕ್ಕೂ ನಾನು ಅವರ ದನಿ ಹಿಡಿಯಲು ನೋಡಿದೆ. ಸಿಗಲಿಲ್ಲ. ಮಾತಾಡಿದರೆ ತಾನೇ ಸಿಗುವುದು.

ಶನಿವಾರ

ವಾರವಿಡೀ ಸಾರ್ ಪಾಠ ಮಾಡಿದರು, ನಾನು ಮಾಡಿ ತೋರಿಸಿದೆ. ನನ್ನ ಪಾಠದಲ್ಲಿ ಮೊದಲನೆಯದೇ ಇದು: ಮೂಲ ಬಟ್ಟನ್ನು ಬರಿಗೈಯಲ್ಲಿ ಮುಟ್ಟಬಾರದು. ಕೈಯ ಬೆವರು, ಜಿಡ್ಡು ಅದಕ್ಕೆ ಅಂಟುತ್ತದೆ, ತೂಕ ಬದಲಾಗುತ್ತದೆ. ಕೈಗವಸು ಹಾಕಬೇಕು, ಇಕ್ಕಳದಲ್ಲಿ ಎತ್ತಬೇಕು, ಬಟ್ಟೆಯಿಂದ ಎಂದೂ ಒರೆಸಬಾರದು. ಇದನ್ನು ನಾನು ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೆ. ಕೆಳಗೆ ಸಹಿ ಕೂಡ ಹಾಕಿದ್ದೆ.

ಒಂದು ಕಿಲೋದ ಆ ಮೂಲ ಬಟ್ಟು ಬಂದ ಕಥೆಯನ್ನು ತೇವಿ ಒಮ್ಮೆ ಹೇಳಿದ್ದರು. ಅದು ಪರೀಕ್ಷೆಗೆಂದು ಹಡಗಿನಲ್ಲಿ ದೂರದೇಶಕ್ಕೆ ಹೋಗಿ, ತಿಂಗಳುಗಟ್ಟಲೆ ಅಲ್ಲೇ ಸರತಿಗೆ ಕಾದು, ಮತ್ತೆ ಹಡಗಿನಲ್ಲೇ ಬಂತು. ಬಂದರಿನಿಂದ ಲ್ಯಾಬಿನವರೆಗೆ ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. "ನಮ್ಮ ಮೊದಲ್ನೇ ಮಗಳನ್ನೂ ಆಸ್ಪತ್ರೆಯಿಂದ ಹಿಂಗೇ ತಂದಿದ್ದು," ಎಂದಿದ್ದರು. ಆ ದಿನ ಅವರು ಆಡಿದ ಅತಿ ಉದ್ದದ ಮಾತು ಅದು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲ ಸಿದ್ಧವಾಗಿತ್ತು. ಸಾರ್ ಮಲಗಲು ಹೋಗಿದ್ದರು. ತೇವಿ ಕೊನೆಯ ಸಲ ನೋಡೋಣವೆಂದು ಕೊರಳ ಬೀಗದಕೈಯಿಂದ ಮೂಲ ಕಿಲೋದ ಪೆಟ್ಟಿಗೆ ತೆರೆದಿಟ್ಟಿದ್ದರು. ಹುಡುಗಿಯರು ಚಹಾ ತಂದರು. ಯಾರೋ ನನ್ನನ್ನು ಕೆಣಕಿದರು: "ನಿಮ್ಮ ಸಾರ್ ಥರ ಮಾಡು."

ಕೇಳಬೇಕೆ. ಸಾರ್ ಕನ್ನಡಕ ಒರೆಸುವುದನ್ನು ಮಾಡಿದೆ, ಗಣಪತಿಗೆ ಕೈಮುಗಿದು ನಿಂತದ್ದನ್ನು ಮಾಡಿದೆ. ನಗು ಏರಿತು. ಮುಳಬಾಗಿಲು ಕಂಡಕ್ಟರನ್ನು ತಂದೆ. ಭಾಷೆ ಗೊತ್ತಿಲ್ಲದಿದ್ದರೂ ಹುಡುಗಿಯರು ಹೊಟ್ಟೆ ಹಿಡಿದುಕೊಂಡರು, ಯಾಕೆಂದರೆ ಬಸ್ಸಿನಲ್ಲಿ ಒಳಗೆ ತಳ್ಳುವವನಿಗೆ ಯಾವ ದೇಶದಲ್ಲೂ ಒಂದೇ ಭಾಷೆ. ಆಮೇಲೆ ನಮ್ಮ ಮಂಡಿ. ಕೊನೆಗೆ ಅಪ್ಪ.

ಅಪ್ಪನದ್ದೊಂದು ಕ್ರಮವಿದೆ. ಮಂಡಿಗೆ ಎಲೆಕ್ಟ್ರಾನಿಕ್ ತಕ್ಕಡಿ ಬಂದು ಎಷ್ಟೋ ವರ್ಷವಾದರೂ, ಬೆಳಿಗ್ಗೆ ಬೋಣಿಗೆ ಮುಂಚೆ ಹಳೆಯ ಕಬ್ಬಿಣದ ಬಟ್ಟೊಂದನ್ನು ಎತ್ತಿ ಬಲಗಣ್ಣಿಗೆ, ಎಡಗಣ್ಣಿಗೆ, ಹಣೆಗೆ ಒತ್ತಿಕೊಂಡು, "ಸ್ವಾಮೀ, ನೀದೇ ಭಾರಂ" ಎಂದು ತಕ್ಕಡಿಯ ಮೇಲಿಡುತ್ತಾನೆ. ನಿನ್ನದೇ ಭಾರ ಎಂದು ಮನೆಮಾತು ತೆಲುಗಿನಲ್ಲಿ ದೇವರಿಗೆ ಒಪ್ಪಿಸಿ, ಆಮೇಲೆ ಹೆಬ್ಬೆರಳು ಇಡುತ್ತಾನೆ.

ಅದನ್ನು ಮಾಡಲು ಕೈಗೊಂದು ಬಟ್ಟು ಬೇಕಿತ್ತು. ಕೆಲಸದ ಬಟ್ಟುಗಳು ಆಚೆ ಮೇಜಿನ ಮೇಲಿದ್ದವು, ನಾಲ್ಕು ಹೆಜ್ಜೆ ದೂರ. ಮೂಲ ಕಿಲೋ ಎದುರಿಗೇ ಹೊಳೆಯುತ್ತಿತ್ತು. ನಗು ಏರುತ್ತಿರುವಾಗ ನಾಲ್ಕು ಹೆಜ್ಜೆ ನಡೆಯುವ ಕಲಾವಿದನನ್ನು ನಾನು ಕಂಡಿಲ್ಲ. ಕೈ ಹಾಕಿ ಎತ್ತಿದೆ. ಬಲಗಣ್ಣಿಗೆ, ಎಡಗಣ್ಣಿಗೆ, ಹಣೆಗೆ.

"ಸ್ವಾಮೀ, ನೀದೇ ಭಾರಂ."

ಚಪ್ಪಾಳೆ ಬಿತ್ತು. ಕೈ ಇಳಿಸಿ ನೋಡಿದರೆ, ಕನ್ನಡಿಯಂಥ ಉಕ್ಕಿನ ಮೇಲೆ ಬೆಳ್ಳಗೆ ಒಂದು ಬಳಿತ. ಬಿಸಿಲಿಗೆ ಕಪ್ಪಾಗುತ್ತೇನೆಂದು ಮುಖಕ್ಕೆ ದಿನವೂ ಬಿಳಿ ಕ್ರೀಮು ಮೆತ್ತಿಕೊಳ್ಳುತ್ತಿದ್ದೆ. ಗೌನಿಪಲ್ಲಿಯಲ್ಲಿ ಇಪ್ಪತ್ತೇಳು ವರ್ಷ ಬಿಸಿಲಿನಲ್ಲಿ ಕಾದು ಬಂದವನು, ಹತ್ತು ದಿನದಲ್ಲಿ ಇನ್ನೇನು ಕಪ್ಪಾಗುತ್ತಿದ್ದೆನೋ.

ಜೇಬಿನಿಂದ ಕರ್ಚೀಫು ತೆಗೆದು ಗಸಗಸ ಒರೆಸಿದೆ. ಗೋಡೆಯ ಮೇಲೆ ನನ್ನದೇ ಸಹಿ ನನ್ನನ್ನು ನೋಡುತ್ತಿತ್ತು.

ತೇವಿಯವರ ನಗು ನಿಂತಿತ್ತು. "ತಮ್ಮಾ, ಕೈಗವಸು?"

"ಏನೂ ಆಗಲ್ಲ ಅಣ್ಣಾ. ಒರೆಸಿದೀನಲ್ಲ."

ಅವರು ಒಂದು ಕ್ಷಣ ಬಟ್ಟನ್ನು ನೋಡಿದರು, ಆಮೇಲೆ ನನ್ನನ್ನು. "ನೀನು ಕಲಿಸೋಕೆ ಬಂದೋನು. ನೀನು ಹೇಳಿದ್ರೆ ಸರಿ," ಎಂದು ಪೆಟ್ಟಿಗೆ ಮುಚ್ಚಿ ಬೀಗ ಹಾಕಿದರು.

ಭಾನುವಾರ

ಇಡೀ ದ್ವೀಪ ಚರ್ಚಿನಲ್ಲಿತ್ತು. ಅಂಗಡಿ ಇಲ್ಲ, ಬಸ್ಸಿಲ್ಲ. ಮರಕ್ಕೆ ಕಟ್ಟಿದ ಹಂದಿಯೂ ಸದ್ದಿಲ್ಲದೆ ಮಲಗಿತ್ತು. ಅಪ್ಪನ ಫೋನು ಬಂತು.

"ಏಂ ನಾಯ್ನಾ, ತಿಂದ್ಯಾ? ಉಪ್ಪಿನಕಾಯಿ ಇದ್ಯಾ ಇನ್ನ?"

"ಇದೆ ಕಣಪ್ಪಾ. ದಿನಾ ತಿಂತಿದೀನಿ."

"ಅಲ್ಲೂ ಬೋಣಿಗೆ ಬಟ್ಟು ಮುಟ್ಟಿ ನಮಸ್ಕಾರ ಮಾಡ್ತಾರೇನ್ಲಾ?"

"ಇಲ್ಲಪ್ಪ. ಇಲ್ಲಿ ಮುಟ್ಟಬಾರ್ದು."

"ಮುಟ್ಟದೆ ಅದೆಂಗ್ಲಾ ತೂಕ ಹಾಕ್ತಾರೆ, ಗ್ರಾಚಾರ," ಎಂದು ನಕ್ಕ. ನಾನೂ ನಕ್ಕೆ. ಅಪ್ಪನ ನಗುವನ್ನೇ ತಿರುಗಿಸಿ ನಕ್ಕದ್ದು. ಅದು ಮಾತ್ರ ನನಗೆ ಯಾವಾಗಲೂ ಬರುತ್ತದೆ.

ಸೋಮವಾರ

ಪರೀಕ್ಷಕರು ಎತ್ತರದ, ತೆಳ್ಳನೆಯ ಮನುಷ್ಯ. ಸಭ್ಯರು. ಅಷ್ಟು ಸಭ್ಯರ ಮುಂದೆ ಹೆದರಿಕೆ ಹೆಚ್ಚು. ಕೋಣೆಯ ಉಷ್ಣಾಂಶ ನೋಡಿದರು, ಪುಸ್ತಕಗಳನ್ನು ನೋಡಿದರು, ನನ್ನ ಗೋಡೆ ಬರಹವನ್ನು ಓದಿ ತಲೆದೂಗಿದರು. ಊಟಕ್ಕೆ ಮೊದಲು ತಮ್ಮ ಚೀಲದಿಂದ ತಮ್ಮದೇ ಒಂದು ಕಿಲೋ ತೆಗೆದು, ಅದರ ಜೊತೆ ದ್ವೀಪದ ಕಿಲೋವನ್ನು ಹೋಲಿಸಿದರು. ಒಮ್ಮೆ. ಮತ್ತೊಮ್ಮೆ. ಐದು ಸಲ.

ವ್ಯತ್ಯಾಸ ಬಂತು. ಎಷ್ಟು ಎನ್ನುತ್ತೀರಿ? ಒಂದು ರಾಗಿಕಾಳಿನಷ್ಟು. ನಮ್ಮ ಅಜ್ಜಿ ಕಣದಲ್ಲಿ ಮೊರ ಕೊಡವಿದರೆ ಸೀರೆಯ ನೆರಿಗೆಯಲ್ಲಿ ಅದರ ಸಾವಿರ ಪಾಲು ಉಳಿಯುತ್ತಿತ್ತು. ಆದರೆ ಮೂಲ ಬಟ್ಟಿಗೆ ರಾಗಿಕಾಳು ಬೆಟ್ಟ. ಅವರು ಭೂತಗನ್ನಡಿ ಹಿಡಿದು ನೋಡಿದರು. ಉಕ್ಕಿನ ಮೇಲೆ ಒರೆಸಿದ ಗೆರೆಗಳು, ನಡುವೆ ಬೆಳ್ಳನೆಯ ಜಿಡ್ಡು, ಸಣ್ಣ ತರಚು. ತೊಳೆದರೆ ಜಿಡ್ಡು ಹೋಗುತ್ತದೆ, ತರಚು ಹೋಗುವುದಿಲ್ಲ.

"ಇದನ್ನು ಯಾರೋ ಮುಟ್ಟಿದ್ದಾರೆ," ಎಂದರು, ಬಹಳ ಮೆತ್ತಗೆ. "ಒರೆಸಿದ್ದಾರೆ ಕೂಡ. ಯಾರು?"

ಕೋಣೆಯಲ್ಲಿ ಐದು ಜನ. ಪರೀಕ್ಷಕರು, ಸಾರ್, ತೇವಿ, ಒಬ್ಬ ಹುಡುಗಿ, ನಾನು. ಹುಡುಗಿ ನೆಲ ನೋಡಿದಳು. ಸಾರ್ ನನ್ನ ಕಡೆ ತಿರುಗಿ, ಹಾಗೆಯೇ ಗೋಡೆಯ ಕಡೆ ತಿರುಗಿದರು. ತೇವಿ ನನ್ನನ್ನು ನೋಡಲಿಲ್ಲ. ಆದರೆ ಕಾದರು. ನಾನು ಸಾವಿರ ಜನರ ದನಿ ಹೊತ್ತು ತಿರುಗುವವನು. ನಾಲಿಗೆಯ ಮೇಲೆ ಕಂಡಕ್ಟರಿದ್ದ, ಹರಾಜಿನವನಿದ್ದ, ಅಪ್ಪನಿದ್ದ. ನಾನು ಮಾತ್ರ ಇರಲಿಲ್ಲ. ಅಂಗಡಿಯ ತಕ್ಕಡಿ ನಿಲ್ಲಲು ಅವರು ಎಷ್ಟು ಕಾಯುತ್ತಿದ್ದರೋ ಅಷ್ಟು ಹೊತ್ತು ಕಾದು, ತೇವಿ ಹೇಳಿದರು:

"ಬೀಗದಕೈ ನನ್ ಹತ್ರ ಇತ್ತು."

"ನಿಮ್ಮ ಹತ್ತಿರ ಮಾತ್ರವೇ?"

ತೇವಿ ಹುಬ್ಬು ಎತ್ತಿ ಇಳಿಸಿದರು. ಪರೀಕ್ಷಕರಿಗೆ ಆ ಭಾಷೆ ಗೊತ್ತಿತ್ತು. ಬರೆದುಕೊಂಡರು.

ಹಿಂದಿನ ಶುಕ್ರವಾರದ ವಿಮಾನಕ್ಕೆ ಬಂದಿಳಿದಿದ್ದ ಅವರು ಮಂಗಳವಾರದ ವಿಮಾನಕ್ಕೆ ಹೊರಟುಹೋದರು. ವಾರಕ್ಕೆ ಎರಡೇ ವಿಮಾನ, ಮಂಗಳವಾರ ಒಂದು, ಶುಕ್ರವಾರ ಒಂದು. ಬಿಟ್ಟುಹೋದ ವರದಿ ಇಷ್ಟು: ಲ್ಯಾಬಿಗೆ ಮಾನ್ಯತೆ ಸದ್ಯಕ್ಕಿಲ್ಲ. ಕಿಲೋ ಮತ್ತೆ ಹಡಗು ಹತ್ತಬೇಕು. ಜವಾಬ್ದಾರಿ ಹೊತ್ತವರು ಬದಲಾಗಬೇಕು.

ಅವತ್ತು ಸಂಜೆಗೇ ಅಲ್ಲಿನ ಮೇಲಧಿಕಾರಿಗಳು ತೇವಿಯವರ ಕೊರಳಿನಿಂದ ಬೀಗದಕೈಯ ದಾರ ಬಿಚ್ಚಿಸಿದರು. ಆ ಜಾಗದಲ್ಲಿ ಚರ್ಮ ಬೆಳ್ಳಗೆ ಗೆರೆಯಂತೆ ಉಳಿದಿತ್ತು.

ಬುಧವಾರ

ಅತಿಥಿಗೃಹದ ಜಗಲಿಯಲ್ಲಿ ಸಾರ್ ಹಲಸಿನಂಥ ಆ ಊರಿನ ಕಾಯಿಯ ಬಜ್ಜಿ ತಿನ್ನುತ್ತಿದ್ದರು.

"ಸಾರ್, ಮುಟ್ಟಿದ್ದು ನಾನು."

"ಗೊತ್ತು ಕಣೋ." ಬಜ್ಜಿ ಮುರಿದರು. "ಆ ಬಿಳೀ ಕ್ರೀಮು ಈ ದೇಶದಲ್ಲಿ ಇನ್ಯಾವನು ಬಳ್ಕೋತಾನೆ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನ್ಯಾಕೆ ಹೇಳ್ಲಿಲ್ಲ?"

ಅವರೇ ಮುಂದುವರಿಸಿದರು. "ನೋಡು, ಕಲಿಸೋಕೆ ಬಂದೋರೇ ಕೆಡಿಸಿದ್ರು ಅಂತ ಆದ್ರೆ ನಮ್ ಲ್ಯಾಬ್‌ಗೆ ಮುಂದೆ ಯಾವ ದೇಶಾನೂ ಬಾಗ್ಲು ತೆಗ್ಯಲ್ಲ. ನರಸಾಪುರದಲ್ಲಿ ನಲ್ವತ್ತು ಜನ ಇದೀವಿ. ತೇವಿಯವರದು ಸರ್ಕಾರಿ ಕೆಲ್ಸ, ಹೋಗಲ್ಲ. ಸ್ವಲ್ಪ ದಿನ ಆ ಕಡೆ ಈ ಕಡೆ ಹಾಕ್ತಾರೆ, ಮರ್ತೋಗತ್ತೆ. ನೀನು ಸುಮ್ನಿರು."

ಸಾರ್ ಕೆಟ್ಟವರಲ್ಲ. ಸಿಟ್ಟು ಬರುವುದು ಅದಕ್ಕೇ. ಕೆಟ್ಟವರಾಗಿದ್ದರೆ ಎಲ್ಲವನ್ನೂ ಅವರ ತಲೆಗೆ ಕಟ್ಟಿ ನಾನು ಹಗುರಾಗಿ ಊರಿಗೆ ಬರಬಹುದಿತ್ತು.

ಗುರುವಾರ ಬೆಳಿಗ್ಗೆ, ಅವರು ಸ್ನಾನಕ್ಕೆ ಹೋದಾಗ, ಪರೀಕ್ಷಕರಿಗೆ ಮೇಲ್ ಕಳಿಸಿದೆ. ಎಲ್ಲವನ್ನೂ ಬರೆದೆ. ಕಣ್ಣಿಗೊತ್ತಿಕೊಂಡದ್ದು, ಕ್ರೀಮು, ಕರ್ಚೀಫು. ಮಧ್ಯಾಹ್ನವೇ ಉತ್ತರ ಬಂತು. ತಿಳಿಸಿದ್ದಕ್ಕೆ ಧನ್ಯವಾದ. ಕೈ ಯಾರದಾದರೂ ಬಟ್ಟಿನ ಸ್ಥಿತಿ ಅದೇ. ಪೆಟ್ಟಿಗೆ ತೆರೆದವರು ಬೀಗದಕೈ ಇದ್ದವರು, ಕೇಳಿದಾಗ ಉತ್ತರ ಕೊಟ್ಟವರೂ ಅವರೇ. ಸಹಿಯಾದ ವರದಿಯನ್ನು ತಿದ್ದಲು ಬರುವುದಿಲ್ಲ.

ಸಾರ್‌ಗೆ ಅದನ್ನು ತೋರಿಸಿದೆ. ಎರಡು ಸಲ ಓದಿದರು. ಕನ್ನಡಕ ಒರೆಸಿಕೊಳ್ಳಲಿಲ್ಲ. "ಊರಿಗೆ ಹೋಗಿ ಮಾತಾಡೋಣ," ಎಂದರು. ಊರಿಗೆ ಬಂದ ಮೇಲೆ ಆದ ಮಾತು ಎರಡೇ ನಿಮಿಷದ್ದು.

ಶುಕ್ರವಾರ

ವಿಮಾನಕ್ಕೆ ಇನ್ನೂ ಹೊತ್ತಿತ್ತು. ತೇವಿ ಎಲ್ಲಿ ಎಂದು ಲ್ಯಾಬಿನಲ್ಲಿ ಕೇಳಿದೆ. ಹುಡುಗಿ ಮುಖ ತಿರುಗಿಸಿಕೊಂಡೇ ಬಂದರಿನ ಕಡೆ ಕೈ ತೋರಿಸಿದಳು. ಬಾಗಿಲ ಬಳಿ ಶಿವಾರಪಟ್ಟಣದ ಗಣಪತಿ ಒಬ್ಬನೇ ಕೂತಿದ್ದ. ಅವನ ಕೊರಳಿಗೆ ಯಾರೋ ಶಂಖದ ಸರ ಹಾಕಿದ್ದರು. ಅವನ ಮೇಲೆ ಅವರಿಗೆ ಕೋಪವಿರಲಿಲ್ಲ.

ಬಂದರಿನಲ್ಲಿ ದೋಣಿಗಳು ಬಂದಿದ್ದವು. ಕಂಪನಿಯವನು ಮೀನು ಇಟ್ಟು ಅಂಕಿ ಕೂಗುತ್ತಿದ್ದ. ಪಕ್ಕದಲ್ಲಿ ಒಂದು ಮೇಜು, ಒಂದು ಉದ್ದದ ಪುಸ್ತಕ. ಅದರ ಮುಂದೆ ತೇವಿ. ಕಂಪನಿಯ ತಕ್ಕಡಿ ಹೇಳಿದ್ದನ್ನು ಸರ್ಕಾರದ ಪರವಾಗಿ ಬರೆದುಕೊಳ್ಳುವ ಕೆಲಸ. ಯಾವ ತಕ್ಕಡಿಯನ್ನು ಅಳೆಯಬೇಕೆಂದು ವರ್ಷಗಟ್ಟಲೆ ಕಾದರೋ, ಅದು ಹೇಳಿದ ಅಂಕಿಗೆ ಈಗ ಅವರದೇ ಅಕ್ಷರ. ಅವತ್ತಿನ ಹೆಂಗಸು ಇವತ್ತೂ ಇದ್ದಳು, ಸೊಂಟಕ್ಕೆ ಕೈ ಒರೆಸಿಕೊಳ್ಳುತ್ತಾ. ಈ ಸಲ ಅವಳು ಅಂಕಿ ನೋಡಲಿಲ್ಲ. ತೇವಿಯವರ ಪೆನ್ಸಿಲ್ ನೋಡುತ್ತಿದ್ದಳು.

"ಅಣ್ಣಾ."

ತಲೆಯೆತ್ತಿದರು. ತಮ್ಮ ಎನ್ನಲಿಲ್ಲ.

ನಾನು ಮೇಲ್ ಕಳಿಸಿದ್ದು ಹೇಳಿದೆ. ಉತ್ತರ ಬಂದದ್ದು ಹೇಳಿದೆ. ಅವರು ಕೇಳಿಸಿಕೊಂಡರು, ನಡುವೆ ಎರಡು ಮೀನಿನ ತೂಕ ಬರೆದುಕೊಂಡರು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಕಟ್ಟಿಕೊಂಡು ಬಂದಿದ್ದೆ. ಅದನ್ನು ಆಡಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಮಾತಾಡಿದರು.

"ನೀನು ಎಲ್ಲರ ಥರನೂ ಮಾಡ್ದೆ," ಎಂದರು ತೇವಿ. "ನನ್ ಥರ ಮಾತ್ರ ಮಾಡಲೇ ಇಲ್ಲ."

ಅದನ್ನು ಯಾಕೆ ಹೇಳಿದರೋ ಗೊತ್ತಿಲ್ಲ. ನನಗೆ ಬರುವ ಕೆಲಸ ಅದೊಂದೇ ಎಂದು ಕರುಣೆ ಬಂತೋ ಏನೋ. ಕಣ್ಣು ಮುಚ್ಚಿದೆ. ಸೋಮವಾರದ ಆ ಕೋಣೆಗೆ ಹೋಗಿ ನಿಂತೆ. ಭುಜ ಅಗಲಿಸಿದೆ, ಕೈಗಳನ್ನು ಬಿಟ್ಟೆ, ತಕ್ಕಡಿ ನಿಲ್ಲುವಷ್ಟು ಹೊತ್ತು ಕಾದೆ. ಅಲ್ಲಿಯವರೆಗೆ ಎಷ್ಟು ಹುಡುಕಿದರೂ ಸಿಗದ ಆ ದನಿ ಆಗ ತಾನಾಗಿ ಬಂತು.

"ಬೀಗದಕೈ ಅವರ ಹತ್ರ ಇತ್ತು. ಮುಟ್ಟಿದ್ದು ನಾನು."

ಹುಬ್ಬು ಎತ್ತಿ ಇಳಿಸಿದೆ.

ದೋಣಿಯವರೆಲ್ಲ ಒಂದೇ ಸಲ ತಿರುಗಿ ನೋಡಿದರು. ತೇವಿಯವರೇ ಮಾತಾಡಿದರೆಂದು ತಿಳಿದಿದ್ದರು. ಆ ಹೆಂಗಸು ಅವರನ್ನೂ ನನ್ನನ್ನೂ ನೋಡಿ ಗಟ್ಟಿಯಾಗಿ ನಕ್ಕಳು. ಆಮೇಲೆ ಎಲ್ಲರ ಕಣ್ಣೂ ತೇವಿಯವರ ಮೇಲೆ.

ಅವರು ನಗಲಿಲ್ಲ. ಪೆನ್ಸಿಲನ್ನು ಪುಸ್ತಕದ ಮೇಲಿಟ್ಟು, ಅಂಗಡಿಯವರಿಗೆ ಹೇಳುತ್ತಿದ್ದ ಅದೇ ಧಾಟಿಯಲ್ಲಿ, ಬೈಯದೆ, ಒಂದು ಪದ ಹೆಚ್ಚಿಲ್ಲದೆ ಹೇಳಿದರು:

"ದನಿ: ದೋಷ, ಸೊನ್ನೆ. ಹೊತ್ತು: ದೋಷ, ನಾಲ್ಕು ದಿನ. ತಡ."